ಟಾರ್ಚಪ್ಪನ ಓರೆ ಬೆಳಕು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದು ಇದ್ದೇ ಇತ್ತು. ಹಾಜರಿ ಪುಸ್ತಕದಲ್ಲೋ ಆಸ್ಪತ್ರೆಯ ಚೀಟಿಯಲ್ಲೋ ಅದು ಆಗಾಗ ತಲೆ ಹಾಕಿ ಮಾಯವಾಗುತ್ತಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಹೊಸ ಹೆಸರು ಬಿತ್ತು: ಟಾರ್ಚಪ್ಪ. ಇಟ್ಟವನು ಅದೇ ಕಟ್ಟಡದಲ್ಲಿ ನೆಲಕ್ಕೆ ಟೈಲ್ಸ್ ಕೂರಿಸುವವನು, ಬಾಯಿಗೆ ಬೀಗವಿಲ್ಲದ ಮನುಷ್ಯ. ಒಂದು ದಿನ ಇವನು ಮೂರನೇ ಮಹಡಿಗೆ ಕಾಲಿಡುತ್ತಿದ್ದ ಹಾಗೆ ಅವನು ಕೂಗಿದ:

"ಟಾರ್ಚಪ್ಪನೋರು ಬಂದ್ರು! ಎಲ್ಲಾ ಹೊಟ್ಟೆ ಒಳಗೆ ಎಳ್ಕೊಳ್ರಪ್ಪಾ. ಉಬ್ಬಿರೋದು ಕಂಡ್ರೆ ಅದಕ್ಕೂ ಗುಂಡಗೆ ಗೆರೆ ಎಳೀತಾರೆ!"

ಮಹಡಿಗೆ ಮಹಡಿಯೇ ನಕ್ಕಿತು. ಕುಟುಕಲೆಂದು ಇಟ್ಟ ಹೆಸರನ್ನು ಇವನು ಬಿರುದು ಎಂದುಕೊಂಡು ಮನೆಗೆ ಹೊತ್ತು ತಂದ.

"ಕೆಲಸದ ಜಾಗದಲ್ಲಿ ಈಗ ನನಗೊಂದು ಹೆಸರಿದೆ, ಗೊತ್ತಾ?" ಎಂದ ಹೆಂಡತಿಗೆ.

"ಯಾಕೆ, ಮೊದ್ಲು ಇರ್ಲಿಲ್ವಾ?" ಎಂದಳು ಅವಳು, ಬಟ್ಟೆ ಮಡಿಸುತ್ತಾ.

ಆ ಹೆಸರಿಗೆ ಕಾರಣವಾದ ಟಾರ್ಚು ಹೆಬ್ಬೆರಳಿಗಿಂತ ತುಸು ದಪ್ಪ, ಅಂಗೈಯಲ್ಲಿ ಮುಚ್ಚಿಟ್ಟರೆ ಕಾಣದಷ್ಟು ಪುಟ್ಟದು. ಕಪ್ಪು ಮೈ, ಜೇಬಿಗೆ ಸಿಕ್ಕಿಸಲು ಹಿಂದೊಂದು ಕ್ಲಿಪ್ಪು, ಬಾಲದಲ್ಲೊಂದು ಗುಂಡಿ. ಒಮ್ಮೆ ಒತ್ತಿದರೆ ಓದುವಷ್ಟು ಬೆಳಕು, ಎರಡು ಸಲ ಒತ್ತಿದರೆ ಹುಡುಕುವಷ್ಟು, ಮೂರು ಸಲ ಒತ್ತಿದರೆ ಎದುರಿನವನು ಬೈಯುವಷ್ಟು. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಮಾರುತ್ತಿದ್ದವನು, "ಎದುರು ಬೆಟ್ಟದ ಮೇಲೆ ಮೇಕೆ ಇದ್ರೆ ಕಣ್ಣು ಮುಚ್ಕೊಳ್ಳುತ್ತೆ ಸಾರ್" ಎಂದಿದ್ದ. ಎದುರಿಗೆ ಬೆಟ್ಟ ಇರಲಿಲ್ಲ, ಬಸ್ ನಿಲ್ದಾಣವಿತ್ತು, ಮೇಕೆಯೂ ಇರಲಿಲ್ಲ. ಆದರೂ ಮಾತು ಹಿಡಿಸಿತು, ಕೊಂಡ. ಅಂದಿನಿಂದ ಮನೆಯ ಏಕೈಕ ನೆಟ್ಟಗಿನ ಪ್ಲಗ್ಗು ಟಾರ್ಚಿನ ಪಾಲಾಯಿತು. ಹೆಂಡತಿಯ ಫೋನು ಅಡುಗೆಮನೆಯ ಸಡಿಲ ಪ್ಲಗ್ಗಿನಲ್ಲಿ, ಕೆಳಗೆ ಡಬ್ಬಿಯ ಆಸರೆ ಕೊಟ್ಟರೆ ಮಾತ್ರ ಚಾರ್ಜ್ ಆಗುತ್ತಿತ್ತು.

ಮೂವತ್ತು ವರ್ಷ ಅವನೂ ಗಾರೆಯವನೇ. ಕೆಲಸ ಕಲಿಸಿದವನು ಮೇಸ್ತ್ರಿ. ಕಲಿಸಿ, ಕೈ ನೆಟ್ಟಗಿದೆ ಎಂದು ಕಂಡಮೇಲೆ ತಂಗಿಯನ್ನೂ ಕೊಟ್ಟ. ಹೀಗೆ ಮೇಸ್ತ್ರಿಯು ಭಾವನಾದ. ಇಬ್ಬರೂ ಒಂದೇ ಹಲಗೆಯ ಮೇಲೆ ನಿಂತು ಎಷ್ಟು ಗೋಡೆ ಮುಗಿಸಿದ್ದರೋ, ಲೆಕ್ಕವಿಟ್ಟವರಿಲ್ಲ. ಎರಡು ವರ್ಷದ ಹಿಂದೆ ಅಂಥದೇ ಹಲಗೆಯೊಂದು ಜಾರಿ ಇವನು ಬಿದ್ದ. ಬಲಗೈ ಎದೆಯ ಮಟ್ಟದಿಂದ ಮೇಲೆ ಏಳದಂತಾಯಿತು. ಆಗ ಭಾವ ಕಂಪನಿಯ ಎಂಜಿನಿಯರ್ ಮೇಡಂ ಎದುರು ನಿಂತು ಹೇಳಿದ್ದು ಒಂದೇ ಮಾತು: "ಕೈ ಹೋಗಿದೆ ಮೇಡಂ, ಕಣ್ಣು ಹೋಗಿಲ್ಲ. ಇವನ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ."

ಆ ಮಾತಿನ ಮೇಲೆ ಅವನಿಗೆ ಕೆಲಸ ಸಿಕ್ಕಿತು. ಹನ್ನೊಂದು ಮಹಡಿ, ಎಂಬತ್ತೆಂಟು ಮನೆಗಳ ಕಟ್ಟಡ. ಗೋಡೆಗೆ ಪುಟ್ಟಿ ಹಚ್ಚಿ ಉಜ್ಜಿ ನುಣುಪು ಮಾಡಿದ ಮೇಲೆ, ಬಣ್ಣದವರು ಬರುವ ಮುಂಚೆ, ಒಬ್ಬ ಹೋಗಿ ನೋಡಿ ಸರಿ ಇದೆ ಅಥವಾ ಇಲ್ಲ ಎನ್ನಬೇಕು. ಆ ಒಬ್ಬ ಇವನು. ಕೆಲಸದವರದು ಹಳದಿ ಹೆಲ್ಮೆಟ್, ಇವನದು ಬಿಳಿ. ಮೊದಲ ವಾರ ಅದನ್ನು ಹಾಕಿಕೊಂಡೇ ಬಸ್ಸಿನಲ್ಲಿ ಬಂದ. ಕಂಡಕ್ಟರ್, "ಯಾಕಣ್ಣಾ, ನಮ್ಮ ಬಸ್ಸಿನ ಮೇಲೆ ಅಷ್ಟೊಂದು ಅಪನಂಬಿಕೆ?" ಎಂದಮೇಲೆ ಚೀಲಕ್ಕೆ ಇಳಿಯಿತು.

ಮೊದಮೊದಲು ಅವನು ಎಲ್ಲರಂತೆಯೇ ಗೋಡೆ ನೋಡುತ್ತಿದ್ದ. ಬಾಗಿಲಲ್ಲಿ ನಿಂತು ಒಮ್ಮೆ ದಿಟ್ಟಿಸುವುದು, ಅಂಗೈ ಆಡಿಸುವುದು, ಮಟ್ಟದ ಪಟ್ಟಿಯನ್ನು ಗೋಡೆಗೆ ಒತ್ತಿ ಸಂದಿ ಇದೆಯೇ ಎಂದು ಬಗ್ಗಿ ನೋಡುವುದು. ಒಂದು ಮಧ್ಯಾಹ್ನ ಕರೆಂಟು ಹೋಗಿ ಒಳಗಿನ ಓಣಿ ಕತ್ತಲಾಯಿತು. ಟಾರ್ಚು ತೆಗೆದು ಒತ್ತಿದ. ಕೈ ಸೋತು ಅದನ್ನು ಗೋಡೆಗೆ ಆನಿಸಿದ. ಬೆಳಕು ಗೋಡೆಯ ಮೈ ಸವರಿಕೊಂಡು ಉದ್ದಕ್ಕೂ ಓಡಿತು. ಕ್ಷಣದ ಹಿಂದೆ ಗಾಜಿನಂತಿದ್ದ ಗೋಡೆ ಎದ್ದು ನಿಂತಿತು! ಏರು, ತಗ್ಗು, ಗಾರೆ ಸವರುವ ಕರಣೆ ಎಳೆದ ಗೆರೆ, ಯಾರದೋ ಬೆರಳಿನ ಗುರುತು, ಉಗುರಿನ ದಪ್ಪದ್ದಕ್ಕೂ ಮೊಳದುದ್ದ ನೆರಳು. ಹಿಂಡಿ ಬಿಟ್ಟ ಬಟ್ಟೆಯ ಹಾಗೆ ಕಂಡಿತು ಗೋಡೆ.

ಬೆಳಕನ್ನು ಹೀಗೆ ಓರೆಯಾಗಿ ಮಲಗಿಸಿ ಹಿಡಿದರೆ ಮನುಷ್ಯನ ಕೈ ಮಾಡಿದ ಯಾವ ಗೋಡೆಯಾದರೂ ಹೀಗೆಯೇ ಕಾಣುತ್ತದೆ ಎಂಬುದು ಗಾರೆಯವನಾದ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿರುವುದನ್ನು ಗೊತ್ತಿಲ್ಲದ ಜಾಗದಲ್ಲಿಟ್ಟು ಮುಚ್ಚಲು ಬಿಳಿ ಹೆಲ್ಮೆಟ್ಟಿನಷ್ಟು ಒಳ್ಳೆಯ ಮುಚ್ಚಳ ಬೇರೆ ಇಲ್ಲ.

ಮರುದಿನದಿಂದ ಎಡಗೈಯಲ್ಲಿ ನೀಲಿ ಪೆನ್ಸಿಲ್, ಬಲಗೈಯಲ್ಲಿ ಟಾರ್ಚು. ತಪ್ಪು ಕಂಡ ಕಡೆಯೆಲ್ಲ ಗುಂಡಗೆ ಒಂದು ಗೆರೆ. ಎಂಜಿನಿಯರ್ ಮೇಡಂ ಎಳೆಯ ವಯಸ್ಸಿನವಳು, ಮೇಲಿನವರಿಗೆ ದಿನಾ ಏನಾದರೂ ಕಳಿಸಬೇಕಾದವಳು. ಗೆರೆಗಳ ಫೋಟೋ ತೆಗೆದು ಕಳಿಸಿದಳು. ಮೇಲಿನಿಂದ ಶಭಾಷ್‌ಗಿರಿ ಬಂತು. ಹಿಂದೆಯೇ ಒಂದು ನಿಯಮವೂ ಬಂತು. ಒಂದೇ ಗೋಡೆ ಮೂರು ಸಲ ಫೇಲಾದರೆ ಆ ತಂಡಕ್ಕೆ ಕಟ್ಟಡದಲ್ಲಿ ಕೆಲಸವಿಲ್ಲ.

ಟಾರ್ಚಿನ ಕೆಲಸ ಸಂಜೆ ಐದಕ್ಕೆ ಮುಗಿಯುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಟೊಮೆಟೊವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರೆ ತರಕಾರಿಯವಳು, "ಯಜಮಾನ್ರೇ, ತಗೊಳ್ತೀರೋ, ಆಪರೇಷನ್ ಮಾಡ್ತೀರೋ?" ಎಂದಳು. ಪಕ್ಕದ ಮನೆಯ ನಿವೃತ್ತ ಮೇಷ್ಟರ ಕನ್ನಡಕದ ತಿರುಪು ಕಳೆದು ಮೂರು ದಿನವಾಗಿತ್ತು. ಇವನು ನೆಲಕ್ಕೆ ಕೆನ್ನೆ ಆನಿಸಿ ಟಾರ್ಚು ಮಲಗಿಸಿ ಒಂದೇ ನಿಮಿಷದಲ್ಲಿ ಹುಡುಕಿಕೊಟ್ಟ. ಆಮೇಲೆ ಬೀದಿಯವರೆಲ್ಲ ಬರತೊಡಗಿದರು. ಮಗುವಿನ ಗಂಟಲು ನೋಡಿ, ಫ್ರಿಜ್ಜಿನ ಹಿಂದೆ ಹಲ್ಲಿ ಇದೆಯಾ ನೋಡಿ, ಚರಂಡಿಗೆ ಬಿದ್ದ ಓಲೆ ನೋಡಿ. ಇವನು ಯಾರಿಗೂ ಇಲ್ಲ ಎನ್ನಲಿಲ್ಲ. ಗಂಟಲು ನೋಡಿದವನು ಡಾಕ್ಟರಿನ ಹಾಗೆ "ಹ್ಞೂಂ" ಎನ್ನುತ್ತಿದ್ದ. ಮಗುವಿನ ತಾಯಿ ಔಷಧ ಏನೆಂದು ಕೇಳಿದರೆ ಮಾತ್ರ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು.

ಒಂದು ಭಾನುವಾರ ಹೆಂಡತಿ ಕಿಟಕಿಯ ಹತ್ತಿರ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಇವನು ಮೆಲ್ಲಗೆ ಹೋಗಿ ಅವಳ ಕೆನ್ನೆಯ ಪಕ್ಕಕ್ಕೆ ಟಾರ್ಚು ಹಿಡಿದು, "ಇಲ್ಲಿ ಸ್ವಲ್ಪ ತಗ್ಗಿದೆ" ಎಂದ. ತಮಾಷೆಗೇ.

ಅವಳು ಬಾಚಣಿಗೆ ನಿಲ್ಲಿಸಲಿಲ್ಲ. "ಮೂವತ್ತು ವರ್ಷದಿಂದ ಈ ಕೆಲಸ ವಹಿಸ್ಕೊಂಡಿರೋದು ನೀವೇ ಅಲ್ವಾ? ಕೆಟ್ಟಿದ್ರೆ ಗುತ್ತಿಗೆದಾರನ್ನ ಕೇಳ್ಕೊಳ್ಳಿ."

ಅವನು ನಕ್ಕ. ಟಾರ್ಚನ್ನು ಮಾತ್ರ ಆರಿಸಲು ಸ್ವಲ್ಪ ತಡಮಾಡಿದ. ಕಿವಿಯ ಹತ್ತಿರ ಇನ್ನೊಂದು ತಗ್ಗು ಕಂಡಿತ್ತು.

ಕೆಳಗಿನ ಆರು ಮಹಡಿಯಲ್ಲಿ ಎರಡು ತಂಡ ಆಗಲೇ ಗಂಟು ಕಟ್ಟಿದ್ದವು. ಏಳನೇ ಮಹಡಿ ಭಾವನ ತಂಡದ್ದು. ಅದನ್ನು ನೋಡುವ ಹಿಂದಿನ ದಿನ ಊಟದ ಹೊತ್ತಿನಲ್ಲಿ ಟೈಲ್ಸಿನವನು ಡಬ್ಬಿ ಮುಚ್ಚುತ್ತಾ ಯಾರಿಗೋ ಹೇಳುವಂತೆ ಹೇಳಿದ:

"ನಾಳೆ ನೋಡ್ಬೇಕಪ್ಪಾ ಮಜಾ. ಬೇರೆಯೋರ ಗೋಡೆ ಅಂದ್ರೆ ಸೂರ್ಯ ಇಳಿದು ಬಂದಂಗೆ ಬೆಳಕು. ಭಾವನ ಗೋಡೆ ಹತ್ರ ಹೋದ್ರೆ ಚಾರ್ಜು ಇರುತ್ತೋ, ಮುಗಿದೋಗಿರುತ್ತೋ!"

"ಚಾರ್ಜು ಇದ್ರೂ ಕಣ್ಣು ಮಂಜಾಗುತ್ತೆ ಬಿಡು," ಎಂದ ಇನ್ನೊಬ್ಬ. "ಹೆಣ್ಣು ಕೊಟ್ಟ ಮನೆ."

ಎಂಜಿನಿಯರ್ ಮೇಡಂ ಆಚೆ ನಿಂತು ಫೋನ್ ನೋಡುತ್ತಿದ್ದಳು. ಅವಳ ತುಟಿ ಅಷ್ಟೇ ಅಷ್ಟು ಅಗಲವಾದದ್ದನ್ನು ಟಾರ್ಚಪ್ಪ ನೋಡಿದ. ಅವನ ಕಣ್ಣು ಚೆನ್ನಾಗಿತ್ತಲ್ಲ.

ಸಂಜೆ ಹೆಂಡತಿ ತಾನಾಗಿ ಮಾತು ತೆಗೆದಳು. "ನಾಳೆ ಅಣ್ಣನ ಗೋಡೆ ನೋಡ್ತೀರಂತೆ?"

"ಯಾರು ಹೇಳಿದ್ರು?"

"ಅತ್ತಿಗೆ ಫೋನ್ ಮಾಡಿದ್ರು. ಅಣ್ಣನಿಗೆ ಅರವತ್ತಾಯ್ತು. ಇಲ್ಲಿ ಕೆಲಸ ಹೋದ್ರೆ ತಂಡ ಒಡೆಯುತ್ತೆ. ಇನ್ನೊಂದು ಸಲ ಜನ ಸೇರಿಸಿ ತಂಡ ಕಟ್ಟೋಕೆ ಅವನ ಕೈಲಾಗಲ್ಲ ಅಂದ್ರು. ಅಷ್ಟೇ ಹೇಳಿದ್ದು. ಹೀಗೆ ಮಾಡಿ ಹಾಗೆ ಮಾಡಿ ಅಂತೇನೂ ಕೇಳ್ಲಿಲ್ಲ."

"ನಾನು ಗೋಡೆ ನೋಡೋನು. ಮನುಷ್ಯರನ್ನ ನೋಡೋನಲ್ಲ," ಎಂದ ಟಾರ್ಚಪ್ಪ. ಮಾತು ತನಗೇ ಬಹಳ ಚೆನ್ನಾಗಿ ಕಂಡಿದ್ದರಿಂದ ಕೈ ತೊಳೆದು ಬಂದು ಮತ್ತೊಮ್ಮೆ ಹೇಳಿದ.

"ನನಗೆ ಭಯ ಇರೋದೂ ಅದಕ್ಕೇ," ಎಂದಳು ಅವಳು.

ಮರುದಿನ ಏಳನೇ ಮಹಡಿಯ ದೊಡ್ಡ ಹಾಲಿನಲ್ಲಿ ಭಾವ ತನ್ನ ಆರು ಜನರೊಂದಿಗೆ ನಿಂತಿದ್ದ. ಒಣಕಲು ದೇಹ, ಹುಬ್ಬು ರೆಪ್ಪೆಯಲ್ಲೆಲ್ಲ ಪುಟ್ಟಿಯ ಬಿಳಿ ಪುಡಿ. ಕಿಟಕಿಗಳಿಗೆ ಧೂಳಿಗೆಂದು ಪ್ಲಾಸ್ಟಿಕ್ ಹೊದಿಸಿದ್ದರಿಂದ ಕೋಣೆ ಮಬ್ಬಾಗಿತ್ತು. ಟಾರ್ಚಪ್ಪ ಭಾವನ ಮುಖ ನೋಡಲಿಲ್ಲ. ಗುಂಡಿ ಮೂರು ಸಲ ಒತ್ತಿದ, ಟಾರ್ಚನ್ನು ಗೋಡೆಗೆ ಮಲಗಿಸಿದ. ಬಾಗಿಲಲ್ಲಿ ಟೈಲ್ಸಿನವನು ಇಣುಕುತ್ತಿದ್ದದ್ದು ಬೆನ್ನಿಗೇ ಗೊತ್ತಾಗುತ್ತಿತ್ತು. ಬೇರೆಯವರ ಗೋಡೆಗೆ ಹತ್ತು ನಿಮಿಷ ಸಾಕಾಗುತ್ತಿತ್ತು. ಭಾವನ ಗೋಡೆಗೆ ಮುಕ್ಕಾಲು ಗಂಟೆ ಹಿಡಿಯಿತು. ಪಕ್ಷಪಾತ ಇಲ್ಲವೆಂದು ತೋರಿಸಬೇಕಾದವನ ಕೈ ನ್ಯಾಯದ ಗೆರೆ ದಾಟಿ ಆಚೆ ಬೀಳುವುದು ಹೀಗೆಯೇ.

"ಅರವತ್ತಮೂರು," ಎಂದ ಕೊನೆಗೆ. ಮೇಡಂ ಬರೆದುಕೊಂಡಳು.

ಭಾವನ ತಂಡದ ಹೆಂಗಸೊಬ್ಬಳು ಏನೋ ಹೇಳಲು ಬಾಯಿ ತೆರೆದಳು. ಭಾವ ಕೈ ಅಡ್ಡ ಹಿಡಿದ. "ಸರಿ, ಉಜ್ಜಿ ಹಚ್ಚೋಣ," ಎಂದನಷ್ಟೆ.

ನಾಲ್ಕು ದಿನದ ಮೇಲೆ ಎರಡನೇ ಸಲ. ನಲವತ್ತೆಂಟು. "ಪರವಾಗಿಲ್ಲ ಭಾವ, ಸುಧಾರಿಸಿದೆ," ಎಂದ ಟಾರ್ಚಪ್ಪ, ಮಗ್ಗಿ ಒಪ್ಪಿಸಿದ ಮಗುವಿಗೆ ಹೇಳುವಂತೆ. ತನಗೆ ಕರಣೆ ಹಿಡಿಯಲು ಕಲಿಸಿದ ಮನುಷ್ಯನಿಗೆ ಈ ಮಾತು ಹೇಳುತ್ತಿದ್ದೇನೆ ಎಂಬುದು ನಾಲಿಗೆಯಿಂದ ಜಾರಿದ ಮೇಲೆ ಹೊಳೆಯಿತು. ಭಾವ ಬಗ್ಗಿ ಉಜ್ಜುಕಾಗದ ಎತ್ತಿಕೊಂಡ.

ಮೂರನೇ ಸಲದ ಬೆಳಿಗ್ಗೆ ಭಾವ ಒಬ್ಬನೇ ಇದ್ದ. ಕಿಟಕಿಗಳ ಪ್ಲಾಸ್ಟಿಕ್ ಕಿತ್ತು ಹಾಕಿದ್ದ. ಹತ್ತು ಗಂಟೆಯ ಬೆಳಕು ಕೋಣೆಯ ತುಂಬ ನಿಂತಿತ್ತು.

"ಬಾ ಇಲ್ಲಿ," ಎಂದು ಅವನು ಟಾರ್ಚಪ್ಪನ ಸರಿಯಿದ್ದ ತೋಳು ಹಿಡಿದು ಕೋಣೆಯ ನಡುವೆ ನಿಲ್ಲಿಸಿದ. "ನೋಡು. ಇಲ್ಲಿ ಅವರ ಸೋಫಾ ಬರುತ್ತೆ. ಇಲ್ಲಿ ಆ ಮನೆ ಯಜಮಾನ ಕೂರ್ತಾನೆ, ಮಗು ಆಡುತ್ತೆ. ಜೀವ ಇರೋವರೆಗೂ ಅವರು ಈ ಗೋಡೆನ ಈ ಬೆಳಕಲ್ಲೇ ನೋಡೋದು. ಯಾರೂ ಗೋಡೆಗೆ ಕೆನ್ನೆ ಒತ್ತಿ ಬಾಳುವೆ ಮಾಡಲ್ಲ ಕಣಯ್ಯ. ಇಲ್ಲಿಂದ ನೋಡಿ ಹೇಳು."

ಟಾರ್ಚಪ್ಪ ನೋಡಿದ. ಮೂಲೆಯಿಂದ ಮೂಲೆಗೆ, ನೆಲದಿಂದ ಸೂರಿಗೆ, ಕೆನೆಗಟ್ಟಿದ ಹಾಲಿನ ಹಾಗೆ ಅಲುಗದೆ ನಿಂತಿತ್ತು ಗೋಡೆ. ಸೂರು ಗೋಡೆ ಕೂಡುವ ಕಡೆ ಎಳೆದ ಅಂಚು ದಾರ ಹಿಡಿದಂತಿತ್ತು. ಆ ಅಂಚು ಎಳೆಯಲು ಮೊಣಕೈಯನ್ನು ಪಕ್ಕೆಗೆ ಹೇಗೆ ಒತ್ತಿಕೊಳ್ಳಬೇಕು, ಉಸಿರು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು ಎಂದು ಇದೇ ಭಾವ ತೋರಿಸಿಕೊಟ್ಟಿದ್ದ. ಅವನೊಳಗಿನ ಹಳೆಯ ಗಾರೆಯವನು ಎದ್ದು ನಿಂತು, ಚೆನ್ನಾಗಿದೆ ಭಾವ, ಬಹಳ ಚೆನ್ನಾಗಿದೆ ಎನ್ನಲು ಬಾಯಿಯವರೆಗೂ ಬಂದ.

ಅಷ್ಟರಲ್ಲಿ ಮೇಡಂ ಬಂದಳು. ಹಿಂದೆ ಟೈಲ್ಸಿನವನು, ಅವನ ಹಿಂದೆ ಇನ್ನಿಬ್ಬರು.

"ಏನಾಯ್ತು ಯಜಮಾನ್ರೇ? ಇವತ್ತು ಟಾರ್ಚ್ ತಂದಿಲ್ವಾ?" ಎಂದಳು ಮೇಡಂ. ಸುಮ್ಮನೆ ಕೇಳಿದ್ದು, ಕುಹಕವೇನೂ ಇರಲಿಲ್ಲ. ಟೈಲ್ಸಿನವನು ಮಾತ್ರ ಗಂಟಲು ಸರಿಮಾಡಿಕೊಂಡ.

ಟಾರ್ಚಪ್ಪನ ಕೈ ಜೇಬಿಗೆ ಹೋಯಿತು.

"ನಾನೇನೂ ಮಾಡೋ ಹಾಗಿಲ್ಲ ಭಾವ," ಎಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಬೆಳಕಿಗೆ ನೆಂಟರಿಲ್ಲ."

ಮೂವತ್ತೊಂಬತ್ತು ಗೆರೆ ಬಿದ್ದವು. ಮೂವತ್ತಾರನೆಯದರ ಹತ್ತಿರ ಟೈಲ್ಸಿನವನು ಜಾಗ ಬಿಟ್ಟು ಹೋದ. ಹೋಗುತ್ತಾ ಪಕ್ಕದವನಿಗೆ, "ಇವನು ಮನುಷ್ಯನೇ ಅಲ್ಲ ಕಣೋ" ಎಂದದ್ದು ಟಾರ್ಚಪ್ಪನ ಕಿವಿಗೆ ಬಿತ್ತು. ಅದನ್ನೂ ಅವನು ಹೊಗಳಿಕೆಯ ಪಟ್ಟಿಗೆ ಸೇರಿಸಿಕೊಂಡ.

ಭಾವ ಕರಣೆಗಳನ್ನು ತೊಳೆದು, ಒರೆಸಿ, ಗೋಣಿತಟ್ಟಿನಲ್ಲಿ ಸುತ್ತಿದ. ಅವಸರವೇನೂ ಇರಲಿಲ್ಲ. ಮೆಟ್ಟಿಲ ಹತ್ತಿರ ಇವನು ಅಡ್ಡ ಸಿಕ್ಕಾಗ ನಿಂತು ಹೇಳಿದ: "ನಿನ್ನ ಕಣ್ಣು ಚೆನ್ನಾಗಿದೆ ಅಂತ ಅವತ್ತು ನಾನೇ ಅಲ್ವಾ ಹೇಳಿದ್ದು. ಸುಳ್ಳು ಹೇಳಿದ ಹಾಗಾಗ್ಲಿಲ್ಲ, ಬಿಡು."

ಆ ದಿನ ಮನೆಯಲ್ಲಿ ಕೂಗಾಟ ಆಗುತ್ತದೆಂದು ಟಾರ್ಚಪ್ಪ ಉತ್ತರಗಳನ್ನೆಲ್ಲ ಜೋಡಿಸಿಕೊಂಡು ಹೋಗಿದ್ದ. ಕೂಗಾಟವಾಗಲಿಲ್ಲ. ಹೆಂಡತಿ ಊಟಕ್ಕೆ ಬಡಿಸಿ ಎದುರಿಗೆ ಕೂತಳು.

"ಗೋಡೆ ಕೆಟ್ಟಿತ್ತಾ?"

"ಮೂವತ್ತೊಂಬತ್ತು ಕಡೆ..."

"ಎಷ್ಟು ಕಡೆ ಅಂತ ಕೇಳ್ಲಿಲ್ಲ. ಕೆಟ್ಟಿತ್ತಾ?"

"ಕಂಪನಿ ರೂಲ್ಸ್ ಪ್ರಕಾರ ನೋಡಿದ್ರೆ..." ಎಂದು ಶುರುಮಾಡಿದ. ಅವಳು ಎದ್ದು ಹೋಗಿ ನೆಟ್ಟಗಿನ ಪ್ಲಗ್ಗಿನಿಂದ ಟಾರ್ಚು ಕಿತ್ತು ಕಿಟಕಿಯ ಮೇಲಿಟ್ಟು, ಅಲ್ಲಿ ತನ್ನ ಫೋನು ಸಿಕ್ಕಿಸಿ, ಗೋಡೆಯ ಕಡೆ ಮುಖ ಮಾಡಿ ನಿಂತು ಅತ್ತಿಗೆಯ ಜೊತೆ ಮಾತಾಡಿದಳು. ಆಮೇಲಿನ ದಿನಗಳಲ್ಲಿ ಅವಳು ಗಂಡನ ಜೊತೆ ಆಡಿದ ಮಾತೆಲ್ಲ ಸೇರಿಸಿದರೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಜಾಗ ಉಳಿಯುತ್ತಿತ್ತು.

ಇತ್ತ ಕಟ್ಟಡದಲ್ಲಿ ಒಂದು ವಿಚಿತ್ರವಾಯಿತು. ಎಂಬತ್ತೆಂಟು ಮನೆಗಳಲ್ಲಿ ಒಂದೂ ಪಾಸಾಗಲಿಲ್ಲ. ಬಣ್ಣದವರು ಕೆಳಗೆ ಡಬ್ಬಿಗಳ ಮೇಲೆ ಕೂತು ಆಕಳಿಸಿದರು. ಮನೆ ಕೊಂಡು ನೋಡಲು ಬಂದವರು ಗೋಡೆಯ ತುಂಬ ನೀಲಿ ಗೆರೆ ಕಂಡು, ಇದೇನೆಂದು ವಿಚಾರಿಸಿ, ಮುಂದಿನ ವಾರ ತಾವೂ ಒಂದೊಂದು ಪುಟ್ಟ ಟಾರ್ಚು ಕೊಂಡು ತಂದರು. ಫುಟ್‌ಪಾತಿನವನಿಗೆ ಒಳ್ಳೆಯ ವ್ಯಾಪಾರವಾಗಿರಬೇಕು. ಗಂಡ ಟಾರ್ಚು ಹಿಡಿಯುವುದು, ಹೆಂಡತಿ "ಅಯ್ಯೋ" ಎನ್ನುವುದು, ಮನೆ ಬೇಡ ಎಂದು ಇಬ್ಬರೂ ಸೇರಿ ಪತ್ರ ಬರೆಯುವುದು.

ಕೊನೆಗೆ ಕಂಪನಿಯ ದೊಡ್ಡ ಸಾಹೇಬರೇ ಬಂದರು. ನೋಡಿಕೊಂಡು ಹೋಗಿ ಟಾರ್ಚಪ್ಪನನ್ನು ಪೇಟೆಯಲ್ಲಿದ್ದ ತಮ್ಮ ಹಳೆಯ ಆಫೀಸಿಗೆ ಕರೆಸಿದರು. ಸನ್ಮಾನಕ್ಕೆಂದು ಎಣಿಸಿ ಇವನು ಹೆಲ್ಮೆಟ್ ಒರೆಸಿಕೊಂಡು ಹೋದ.

"ಆ ನಿಮ್ಮ ಟಾರ್ಚ್ ಇಲ್ಲಿ ಹಿಡೀರಿ," ಎಂದರು ಸಾಹೇಬರು, ತಮ್ಮ ಕುರ್ಚಿಯ ಎದುರಿನ ಗೋಡೆ ತೋರಿಸಿ. ಇವನು ಹಿಡಿದ. "ಹೇಗಿದೆ?"

"ಫೇಲ್ ಸಾರ್. ಒಂದು ಐವತ್ತು ಕಡೆ ಇರಬಹುದು."

"ಹದಿನೈದು ವರ್ಷದಿಂದ ಇದರ ಎದುರಿಗೆ ಕೂತಿದ್ದೀನಿ. ನನಗ್ಯಾಕೆ ಒಂದೂ ಕಾಣ್ಲಿಲ್ಲ?"

"ನಿಮ್ಮ ಹತ್ರ ಇಂಥ ಟಾರ್ಚು ಇರ್ಲಿಲ್ಲ ಸಾರ್," ಎಂದ ಟಾರ್ಚಪ್ಪ, ವಿನಯದಿಂದ.

ಮರುದಿನ ನೋಟೀಸ್ ಬೋರ್ಡಿಗೆ ಹಾಳೆ ಬಿತ್ತು. ಗೋಡೆಗಳನ್ನು ಆರು ಅಡಿ ದೂರದಿಂದ, ಹಗಲು ಬೆಳಕಿನಲ್ಲಿ, ಬರಿಗಣ್ಣಿನಿಂದ ನೋಡತಕ್ಕದ್ದು. ಟಾರ್ಚ್ ಬಳಸತಕ್ಕದ್ದಲ್ಲ. ಹಾಗೆ ನೋಡಲು ಮೇಡಂ ಒಬ್ಬಳೇ ಸಾಕಾಗಿದ್ದರಿಂದ ಟಾರ್ಚಪ್ಪನನ್ನು ಕಿಟಕಿಯ ಚಿಲಕ ಎಣಿಸಲು ಹಾಕಿದರು. ಒಂದೇ ದಿನದಲ್ಲಿ ನಲವತ್ತು ಮನೆ ಪಾಸಾದವು. ಏಳನೇ ಮಹಡಿಯ ಹಾಲ್ ಎಲ್ಲಕ್ಕಿಂತ ಮೊದಲು.

ಆ ಹಾಲಿಗೆ ಮೊದಲ ಕೈ ಬಣ್ಣ ಬಿದ್ದ ದಿನ ಮೇಡಂ ಅವನನ್ನು ಕರೆದು ತೋರಿಸಿದಳು. ತಿಳಿ ಬಣ್ಣದ ಒಳಗಿಂದ ಮೂವತ್ತೊಂಬತ್ತು ನೀಲಿ ಸುತ್ತುಗಳು ಸಿಡುಬಿನ ಕಲೆಯ ಹಾಗೆ ಮೇಲೆದ್ದಿದ್ದವು.

"ಗೋಡೇಲಿ ಏನೂ ತೊಂದ್ರೆ ಇಲ್ಲ ಯಜಮಾನ್ರೇ," ಎಂದಳು. "ನಿಮ್ಮ ಪೆನ್ಸಿಲ್ದೇ ತೊಂದ್ರೆ. ಎರಡು ಕೈ ಜಾಸ್ತಿ ಹೊಡೀಬೇಕು."

ಅವನು ನಡೆದು ಹೋಗಿ ಕೋಣೆಯ ನಡುವೆ ನಿಂತ. ಸೋಫಾ ಬರುವ ಜಾಗದಲ್ಲಿ. ಆಮೇಲೆ ಕೇಳಿದ: "ಹಾಗಾದ್ರೆ ಮೇಸ್ತ್ರಿನ ವಾಪಸ್ ಕರೀಬಹುದಲ್ವಾ ಮೇಡಂ?"

"ಧಾರಾಳವಾಗಿ ಕರೀರಿ. ಹನ್ನೊಂದನೇ ಮಹಡಿ ಪೂರ್ತಿ ಬಾಕಿ ಇದೆ. ಅಂಥ ಕೈ ನಮಗೂ ಬೇಕು."

ಸಂಜೆ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದ. ಪೋಸ್ಟ್‌ಕಾರ್ಡಿನ ಲೆಕ್ಕ ಮೀರಿ ಅವಳು ಒಂದೇ ಉಸಿರಿಗೆ ವಿಳಾಸ ಹೇಳಿದಳು: ಬಸ್ಸು ಯಾವುದು, ಎಲ್ಲಿ ಇಳಿಯಬೇಕು, ಯಾವ ಶಾಲೆ. ಅಣ್ಣ ಅಲ್ಲಿ ಏನೋ ಚಿಲ್ಲರೆ ಕೆಲಸ ಮಾಡುತ್ತಿದ್ದಾನಂತೆ. "ಕರ್ಕೊಂಡೇ ಬನ್ನಿ," ಎಂದಳು.

ಮರುದಿನ ರಜೆ ಹಾಕಿ ಹೊರಟ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಅಭ್ಯಾಸ ಮಾಡಿದ. 'ತಪ್ಪಾಯಿತು' ಎಂಬ ಪದ ಎಷ್ಟು ಸಲ ಜೋಡಿಸಿದರೂ ವಾಕ್ಯದಲ್ಲಿ ಕೂರಲಿಲ್ಲ. ಕೊನೆಗೆ 'ಕಂಪನಿಯವರು ನಿಯಮ ಬದಲಾಯಿಸಿದ್ದಾರೆ' ಎಂಬುದು ನೆಟ್ಟಗೆ ಕೂತಿತು. ಅದನ್ನೇ ಹೇಳುವುದೆಂದು ಗಟ್ಟಿ ಮಾಡಿಕೊಂಡ.

ಶಾಲೆಯ ಗೇಟಿನ ಒಳಗೆ ಗುಮಾಸ್ತನೊಬ್ಬ ಸಿಕ್ಕ. ಗಾರೆ ಮೇಸ್ತ್ರಿ ಎಂದು ಕೇಳುತ್ತಿದ್ದ ಹಾಗೆ ಹಣೆಗೆ ಕೈ ಹಚ್ಚಿಕೊಂಡ.

"ನೀವು ಅವರ ಕಡೆಯೋರಾ? ದಯವಿಟ್ಟು ಸ್ವಲ್ಪ ಹೇಳಿ ಅವರಿಗೆ. ಮೆಟ್ಟಿಲ ಕೆಳಗಿನ ಗೂಡು, ಪೊರಕೆ ಬಕೆಟ್ಟು ಇಡೋ ಜಾಗ. ಎರಡು ದಿನದ ಕೆಲಸ ಅಂತ ಕೊಟ್ವಿ. ಇವತ್ತು ಒಂಬತ್ತನೇ ದಿನ. ಹಚ್ಚೋದು, ಉಜ್ಜೋದು, ಮತ್ತೆ ಹಚ್ಚೋದು. ಪೊರಕೆಗೇನು ಕಣ್ಣಿದೆಯೇನ್ರೀ? ಇವತ್ತು ಮುಗಿಸ್ಲಿಲ್ಲ ಅಂದ್ರೆ ಬೇರೆಯೋರನ್ನ ಕರೀತೀವಿ."

ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಹೋಗಬೇಕಾದ ಗೂಡು. ಭಾವ ನೆಲಕ್ಕೆ ಕೂತು ಉಜ್ಜುಕಾಗದ ಹಿಡಿದು ಗೋಡೆಯ ಒಂದೇ ಜಾಗವನ್ನು ತಿಕ್ಕುತ್ತಿದ್ದ. ಸದ್ದಿಗೆ ತಿರುಗಿ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಬಂದ್ಯಾ? ಒಳ್ಳೇದಾಯ್ತು. ಟಾರ್ಚ್ ತಂದಿದ್ದೀಯಾ?"

ಟಾರ್ಚಪ್ಪ ಅಭ್ಯಾಸ ಮಾಡಿದ್ದನ್ನೆಲ್ಲ ಒಪ್ಪಿಸಿದ. ನಿಯಮ ಬದಲಾಗಿದೆ ಭಾವ, ನಿಮ್ಮ ಗೋಡೆ ಹಾಗೇ ಪಾಸಾಯ್ತು, ಹನ್ನೊಂದನೇ ಮಹಡಿ ಪೂರ್ತಿ ಬಾಕಿ ಇದೆ, ಮೇಡಂ ತಾವಾಗೇ ಕರೀತಿದ್ದಾರೆ. ಭಾವ ಕೇಳುತ್ತಾ ಉಜ್ಜುತ್ತಿದ್ದ. ಮಾತು ಮುಗಿದ ಮೇಲೂ ಕೈ ನಿಲ್ಲಲಿಲ್ಲ.

"ತಂಡ ಎಲ್ಲಿದೆ? ಇಬ್ಬರು ಬಣ್ಣಕ್ಕೆ ಸೇರ್ಕೊಂಡ್ರು. ಉಳಿದೋರು ಎಲ್ಲಿಗೆ ಹೋದ್ರೋ."

"ಹೊಸಬರನ್ನ ಸೇರಿಸೋಣ ಭಾವ. ನಾನೂ ಓಡಾಡ್ತೀನಿ."

"ಅದಲ್ಲ ಕಣಯ್ಯ." ಭಾವ ಉಜ್ಜುಕಾಗದ ಕೆಳಗಿಟ್ಟು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ಮೊದ್ಲು ಕರಣೆ ಒಂದ್ಸಲ ಎಳೆದೆ ಅಂದ್ರೆ ಮುಗೀತು. ತಿರುಗಿ ನೋಡ್ತಾನೇ ಇರ್ಲಿಲ್ಲ, ನಿನಗೇ ಗೊತ್ತಲ್ಲ. ಈಗ ಎಳೀತೀನಿ, ಪಕ್ಕದಲ್ಲಿ ಯಾರೋ ಬೆಳಕು ಹಿಡ್ಕೊಂಡು ನಿಂತಿದ್ದಾರೆ ಅನ್ಸುತ್ತೆ. ಮತ್ತೆ ಉಜ್ಜುತೀನಿ. ಇನ್ನೂ ಇದೆ ಅನ್ಸುತ್ತೆ. ಗೋಡೆ ಮುಗಿಯೋದೇ ಇಲ್ಲ ಕಣಯ್ಯ." ಆಮೇಲೆ, ಸಣ್ಣ ಉಪಕಾರ ಕೇಳುವವನಂತೆ: "ನೀನು ಸ್ವಲ್ಪ ನೋಡಿ ಹೇಳು. ಸರಿಯಾಗಿದೆಯಾ?"

"ಚೆನ್ನಾಗಿದೆ ಭಾವ. ನೋಡೋದೇ ಬೇಡ."

"ಟಾರ್ಚ್ ಹಾಕಿ ಹೇಳು."

ಟಾರ್ಚಪ್ಪ ತೆಗೆದು ಹಾಕಿದ. ಗೋಡೆಗೆ ಎದುರಾಗಿ, ನೇರಕ್ಕೆ ಹಿಡಿದ. ಪುಟ್ಟ ಗೂಡು ಬೆಳ್ಳಗೆ ಬೆಳಗಿತು. ಗೋಡೆಯಲ್ಲಿ ಒಂದು ಕಲೆ ಇಲ್ಲ, ಒಂದು ನೆರಳಿಲ್ಲ. "ನೋಡಿ, ಒಂದೂ ಇಲ್ಲ," ಎಂದ. ಆ ದಿನ ಹೇಳಬೇಕಾಗಿದ್ದ ಮಾತನ್ನು ಈಗಲಾದರೂ ಹೇಳಿದೆನಲ್ಲ ಎಂದುಕೊಂಡ.

ಭಾವ ನಕ್ಕ. "ನನಗೇ ಹೇಳ್ಕೊಡ್ತೀಯಾ? ಎದುರಿಗೆ ಹಿಡಿದ್ರೆ ಯಾವ ಗೋಡೆಯಾದ್ರೂ ನುಣ್ಣಗೇ ಕಾಣುತ್ತೆ. ಓರೆ ಹಿಡಿ."

"ಬೇಡ ಭಾವ. ಪೊರಕೆ ಇಡೋ ಜಾಗ ಇದು. ಎದ್ದೇಳಿ, ಹೋಗೋಣ. ಅವಳು ಕರ್ಕೊಂಡೇ ಬನ್ನಿ ಅಂದಿದ್ದಾಳೆ."

"ಓರೆ ಹಿಡಿ ಅಂದೆ."

ಅದು ಮೂವತ್ತು ವರ್ಷದ ಹಿಂದಿನ ಮೇಸ್ತ್ರಿಯ ದನಿ. ಆ ದನಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಮಂಡಿಯೂರಿ ಕೂತು ಟಾರ್ಚನ್ನು ಗೋಡೆಗೆ ಮಲಗಿಸಿದ. ಗೋಡೆ ಎದ್ದಿತು.

"ಏನೂ ಕಾಣ್ತಿಲ್ಲ ಭಾವ," ಎಂದ. ಆದರೆ ಭಾವ ಆಗಲೇ ಗೋಡೆಗೆ ಕೆನ್ನೆ ಹಚ್ಚಿದ್ದ. "ಇದೋ, ಇಲ್ಲೊಂದು. ಇಲ್ನೋಡು, ಎಷ್ಟು ಉದ್ದ ಹೋಗಿದೆ. ನಾನು ಹೇಳಿದ್ನಲ್ಲ, ಇನ್ನೂ ಇದೆ ಅಂತ." ತನ್ನ ಕಾಯಿಲೆ ನಿಜವೆಂದು ಡಾಕ್ಟರು ಕೊನೆಗೂ ಒಪ್ಪಿಕೊಂಡಾಗಿನ ರೋಗಿಯ ನೆಮ್ಮದಿ ಅವನ ದನಿಯಲ್ಲಿತ್ತು. ಉಜ್ಜುಕಾಗದ ತಗೊಂಡ.

ಬಾಗಿಲಲ್ಲಿ ಗುಮಾಸ್ತನ ನೆರಳು ಬಂತು. "ಏನ್ರೀ, ಹೇಳಿದ್ರಾ? ಇವತ್ತು ಮುಗಿಯುತ್ತೋ ಇಲ್ವೋ?"

ಟಾರ್ಚು ಆರಿಸಿಬಿಡೋಣ ಎಂದು ಟಾರ್ಚಪ್ಪನ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಆರಿಸಿದರೆ ಈ ಮನುಷ್ಯ ಕತ್ತಲಲ್ಲೇ ಉಜ್ಜುತ್ತಾ ಕೂರುತ್ತಾನೆಂದು ಹೊಳೆದು ಬೆರಳು ತೆಗೆದ.

"ಸ್ವಲ್ಪ ಕೆಳಗೆ ಹಿಡಿ," ಎಂದ ಭಾವ, ತಿರುಗಿ ನೋಡದೆ.

ಅವನು ಕೆಳಗೆ ಹಿಡಿದ.

"ಹ್ಞಾಂ, ಅಲ್ಲೇ. ಕೈ ಅಲ್ಲಾಡಿಸ್ಬೇಡ."